ತೂಕದ ಕಾರ್ಡು

ಹುಮನಾಬಾದಿನ ಧಾನ್ಯದ ಅಡತ ಬಜಾರಿನಲ್ಲಿ ಮಹಾರುದ್ರಪ್ಪನ ಕೈಗೆ ಒಂದು ಹೆಸರಿತ್ತು. ತೊಗರಿ ಚೀಲದ ಕೊರಳು ಹಿಡಿದು ಒಮ್ಮೆ ಅಲುಗಿಸಿದನೆಂದರೆ ಸಾಕು, ತೊಂಬತ್ತೆಂಟು ಕಿಲೊ ಇದ್ದರೆ ತೊಂಬತ್ತೆಂಟು ಎಂದೇ ಹೇಳುತ್ತಿದ್ದ. ಆಮೇಲೆ ಕಾಟಾಕ್ಕೆ, ಅಂದರೆ ದೊಡ್ಡ ತಕ್ಕಡಿಗೆ, ಹಾಕಿದರೆ ಅರ್ಧ ಕಿಲೊ ಆಚೀಚೆ ಆಗುತ್ತಿತ್ತು, ಅಷ್ಟೆ. ಗಯಾಸುದ್ದೀನ್ ಸೇಠರ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ತೂಕದ ಕೆಲಸ ಅವನದೇ. ಸೇಠರನ್ನು ನಂಬದ ರೈತರೂ ಅವನನ್ನು ನಂಬುತ್ತಿದ್ದರು. ಅವನು ಕಾಟಾವನ್ನು ನಂಬುತ್ತಿದ್ದ. ಅದು ಅವನ ಒಳ್ಳೆಯ ಗುಣವೆಂದು ಬಜಾರೆಲ್ಲ ಹೊಗಳುತ್ತಿತ್ತು, ನಾವೂ ಹೊಗಳುತ್ತಿದ್ದೆವೇನೋ, ಮುಂದಿನದು ಗೊತ್ತಿಲ್ಲದಿದ್ದರೆ.

ಇಂಥವನ ಮನೆಯಲ್ಲೇ ಒಂದು ಕ್ವಿಂಟಲ್ ಮೀರಿದ ಹೆಂಡತಿ ಇದ್ದಾಳೆಂಬುದು ಹಮಾಲರ ಬಾಯಿಗೆ ಎಲೆ ಅಡಿಕೆಯಾಗಿತ್ತು. ಸೂಗಮ್ಮ ಬಸವಕಲ್ಯಾಣದ ಮಗಳು. ಮದುವೆಯಾಗಿ ಬಂದಾಗ ತೆಳ್ಳಗೇ ಇದ್ದಳು. ಎರಡು ಬಸಿರು ಇಳಿದುಹೋಗಿ, ಇನ್ನು ಮಕ್ಕಳಿಲ್ಲವೆಂದು ಗೊತ್ತಾದ ಮೇಲೆ ಮೈ ಬೆಳೆಯುತ್ತ ಹೋಯಿತು. ಯಾರಾದರೂ ಚುಚ್ಚುವ ಮೊದಲು ತಾನೇ ತನ್ನನ್ನು ಹಾಸ್ಯಮಾಡಿಕೊಂಡು ಅವರ ಬಾಯಿ ಕಟ್ಟುವ ಜಾಣೆ ಅವಳು. ಆದರೆ ಮೊಣಕಾಲು ಹಾಸ್ಯ ಕೇಳುವುದಿಲ್ಲ. ಮೂರು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು, ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತ್ತು. ಮದುವೆ ಮನೆಯ ಪಂಕ್ತಿಯಲ್ಲಿ ಕೂತರೆ ಏಳಿಸಲು ಇಬ್ಬರು ಬೇಕಾಗುತ್ತಿತ್ತು. ಅದಕ್ಕೇ ಅವಳು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು.

ಅವಳ ತಮ್ಮ ದಿಗಂಬರ ಮುಂಬಯಿಯ ಗಿರಣಿಯಲ್ಲಿ ಕೆಲಸಕ್ಕಿದ್ದ. ಎಪ್ಪತ್ತೇಳರ ಫೆಬ್ರವರಿಯಲ್ಲಿ ಅವನೇ ಅಕ್ಕನನ್ನೂ ಭಾವನನ್ನೂ ಅಲ್ಲಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ವಿಲಾಯಿತಿಯಿಂದ ಹೊಸ ವಿದ್ಯೆ ಕಲಿತುಬಂದಿದ್ದ ಡಾಕ್ಟರೊಬ್ಬರು ಇಂಥ ರೋಗಿಗಳನ್ನೇ ಹುಡುಕುತ್ತಿದ್ದರು, ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಉದ್ದದ ಕರುಳನ್ನು ಕತ್ತರಿಸಿ, ಮೊದಲ ತುಂಡನ್ನು ಕೊನೆಯ ತುಂಡಿಗೆ ಜೋಡಿಸಿ, ನಡುವಿನದನ್ನು ಸುಮ್ಮನೆ ಬಿಟ್ಟರು. ತಿಂದದ್ದು ಅಡ್ಡದಾರಿ ಹಿಡಿದು ಹೊರಗೆ ಹೋಗುತ್ತದೆ, ಮೈಗೆ ಹತ್ತುವುದಿಲ್ಲ. ಬೇಳೆ, ಹಾಲು, ಶೇಂಗಾ ಚೆನ್ನಾಗಿ ತಿನ್ನಬೇಕು, ಏನಾದರೂ ಏರುಪೇರಾದರೆ ಕೂಡಲೇ ಬರಬೇಕು, ಬೇಕಾದರೆ ಕರುಳನ್ನು ಮತ್ತೆ ಮೊದಲಿನಂತೆ ಜೋಡಿಸಬಹುದು ಎಂದು ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಬಿಡುಗಡೆಯ ದಿನ ವಿಳಾಸ ಬರೆದ ಇಪ್ಪತ್ನಾಲ್ಕು ಪೋಸ್ಟ್ ಕಾರ್ಡುಗಳನ್ನು ಮಹಾರುದ್ರಪ್ಪನ ಕೈಗಿಟ್ಟರು. ತಿಂಗಳಿಗೊಮ್ಮೆ ತೂಕ ಬರೆದು ಹಾಕಬೇಕು. ಉಳಿದ ಮಾತೆಲ್ಲ ಸೊಲ್ಲಾಪುರ ದಾಟುವುದರೊಳಗೆ ಮಹಾರುದ್ರಪ್ಪನ ತಲೆಯಲ್ಲಿ ಮಸುಕಾಯಿತು. ತೂಕದ ಮಾತು ಮಾತ್ರ ನಿಂತಿತು. ಅದು ಅವನ ಭಾಷೆ ನೋಡಿ.

ಪ್ರತಿ ತಿಂಗಳ ಮೊದಲ ಭಾನುವಾರ ಬಜಾರಿಗೆ ರಜೆ. ಸೇಠರಿಂದ ಬೀಗದ ಕೈ ಪಡೆದು, ಅರ್ಧ ಬಾಗಿಲು ತೆರೆದು, ತೊಗರಿ ಚೀಲ ಏರಿಸುವ ಹಲಗೆಯ ಮೇಲೆ ಹೆಂಡತಿಯನ್ನು ಕೂರಿಸುತ್ತಿದ್ದ. ಎದುರು ಹಲಗೆಗೆ ತೂಕದ ಕಲ್ಲು ಏರಿಸುತ್ತಿದ್ದ. ಮೊದಲ ಸಲ ನೂರಾ ಇಪ್ಪತ್ತೊಂದು. ಮರುತಿಂಗಳು ನೂರಾ ಹದಿನೈದು. ದೀಪಾವಳಿಗೆ ಎಂಬತ್ತೆಂಟು. ಸೂಗಮ್ಮ ಹಲಗೆಯ ಮೇಲೆ ಕೂತು, ಸರಪಳಿ ಹಿಡಿದು, ಈ ತಿಂಗಳ ಧಾರಣೆ ಏನು ಎಂದು ಗಂಡನನ್ನು ಕೇಳಿ ನಗುತ್ತಿದ್ದಳು. ರವಕೆಗಳನ್ನೆಲ್ಲ ಬಿಚ್ಚಿ ಹೊಲಿದಳು. ಒಂದು ದಿನ ಮಾಣಿಕನಗರದ ತನಕ ನಡೆದುಕೊಂಡು ಹೋಗಿ, ನಡೆದುಕೊಂಡೇ ಬಂದು, ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟಳು. ಖುಷಿಗೆ ಅತ್ತದ್ದು. ಅವತ್ತು ಮಹಾರುದ್ರಪ್ಪನಿಗೂ ಕಣ್ಣು ತುಂಬಿತು.

ಒಂದು ತೊಂದರೆ ಇತ್ತು. ಉಂಡ ಅರ್ಧ ಗಂಟೆಗೆ ಚರಿಗೆ ಹಿಡಿದು ಬಯಲಿಗೆ ಹೋಗಬೇಕು, ದಿನಕ್ಕೆ ಎಂಟು ಹತ್ತು ಸಲ. ಬರಬರುತ್ತ ಕಡಿಮೆಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಿತ್ತಲಲ್ಲಿ ಒಂದು ಗುಂಡಿ ತೋಡಿಸಿ ನಾಲ್ಕು ತಗಡು ನಿಲ್ಲಿಸಿಕೊಡಿ ಎಂದು ಸೂಗಮ್ಮ ಒಮ್ಮೆ ಕೇಳಿದಳು. ಮಳೆಗಾಲ ಮುಗಿಯಲಿ, ನೋಡೋಣ ಎಂದ. ಮಳೆಗಾಲ ಮುಗಿಯಿತು, ತೊಗರಿಯ ಸುಗ್ಗಿ ಬಂತು, ಅವಳು ಮತ್ತೆ ಕೇಳಲಿಲ್ಲ. ಈಗ ಕಡಿಮೆಯಾಗಿದೆ ಎಂದಳು. ಮುಂಜಾನೆ ಏಳಕ್ಕೆ ಮನೆ ಬಿಟ್ಟು ದೀಪ ಹಚ್ಚುವ ಹೊತ್ತಿಗೆ ಬರುವ ಗಂಡಸಿಗೆ ಅಷ್ಟು ಸಾಕಾಯಿತು.

ಎಪ್ಪತ್ತೆಂಟರ ಜೂನಿನಲ್ಲಿ ಕಾಟಾ ಅರವತ್ತಾರಕ್ಕೆ ಬಂದು ನಿಂತಿತು. ಜುಲೈಯಲ್ಲೂ ಅಷ್ಟೇ. ಆಗಸ್ಟಿನಲ್ಲಿ ಅರವತ್ತೆಂಟಾಯಿತು. ಮಹಾರುದ್ರಪ್ಪ ಕಲ್ಲು ತೆಗೆದು ಮತ್ತೆ ಹಾಕಿದ, ಮುಳ್ಳಿನ ಧೂಳು ಒರೆಸಿದ. ಅರವತ್ತೆಂಟೇ. ಸೆಪ್ಟೆಂಬರಿಗೆ ಎಪ್ಪತ್ತು, ಅಕ್ಟೋಬರಿಗೆ ಎಪ್ಪತ್ತೆರಡು. ಸೂಗಮ್ಮ ಹಲಗೆಯ ಮೇಲೆ ಕೂತು ಧಾರಣೆ ಕೇಳುವುದನ್ನು ಬಿಟ್ಟಳು. ಓಣಿಯ ತುಳಜಾಬಾಯಿ ಅವಳ ಹೊಟ್ಟೆ ನೋಡಿ, ಏನಾದರೂ ವಿಶೇಷ ಉಂಟೇ ಎಂದು ಕೇಳಿದಳಂತೆ. ಆ ವಾರವೆಲ್ಲ ಸೂಗಮ್ಮ ಹಗಲಲ್ಲಿ ಹೊಸ್ತಿಲು ದಾಟಲಿಲ್ಲ.

ನವೆಂಬರಿನಲ್ಲಿ ಎಪ್ಪತ್ತೈದು ಎಂದು ಕಾರ್ಡು ಹಾಕಿದ್ದಕ್ಕೆ ಮುಂಬಯಿಯಿಂದ ಮೊದಲ ಸಲ ಉತ್ತರ ಬಂತು. ಡಾಕ್ಟರದಲ್ಲ, ಅವರ ಕೈಕೆಳಗಿನ ಯಾರೋ ಮರಾಠಿಯಲ್ಲಿ ಬರೆದ ಎರಡು ಸಾಲು. ತೂಕ ಏರುತ್ತಿದೆ, ರೋಗಿ ತಿನ್ನುವುದನ್ನು ಕಡಿಮೆ ಮಾಡಿಸಿ. ಮಹಾರುದ್ರಪ್ಪ ಅದನ್ನು ಎರಡು ಸಲ ಓದಿಸಿಕೊಂಡ. ಅವನ ಅನುಮಾನಕ್ಕೆ ಕಾಲು ಬಂದದ್ದು ಅವತ್ತು. ತನ್ನೆದುರು ಈಕೆ ಒಂದು ಭಕ್ರಿಯನ್ನೂ ಪೂರ್ತಿ ತಿನ್ನುವುದಿಲ್ಲ. ಹಾಗಿದ್ದ ಮೇಲೆ ತೂಕ ಎಲ್ಲಿಂದ ಬಂತು? ಗಾಳಿಯಿಂದ ಬಂತೇ?

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಅವನು ಬೆಲ್ಲದ ಡಬ್ಬಿಗೆ ಒಳಗಡೆ ಗೆರೆ ಎಳೆದ. ಶೇಂಗಾದ ಗಡಿಗೆಯನ್ನು ಕೈಯಲ್ಲಿ ಎತ್ತಿ ನೋಡಿಟ್ಟುಕೊಂಡು ಹೋಗುತ್ತಿದ್ದ, ಸಂಜೆ ಬಂದು ಮತ್ತೆ ಎತ್ತುತ್ತಿದ್ದ. ಡಬ್ಬಿಯೂ ಇಳಿದಿರಲಿಲ್ಲ, ಗಡಿಗೆಯೂ ಇಳಿದಿರಲಿಲ್ಲ. ಅಷ್ಟಾದರೂ ಅವನ ಅನುಮಾನ ಇಳಿಯಲಿಲ್ಲ. ನೆರೆಮನೆಯಲ್ಲಿ ತಿನ್ನುತ್ತಿರಬೇಕು ಎಂದುಕೊಂಡ.

ಡಿಸೆಂಬರಿನ ಭಾನುವಾರ ಎಪ್ಪತ್ತೆಂಟು ಬಂತು. ಕಲ್ಲಿನ ಮೇಲಿಂದ ಕೈ ತೆಗೆಯದೆಯೇ ಅವನು ಕೇಳಿದ.

"ಕದ್ದು ತಿನ್ನಾಕತ್ತಿ ಏನು? ಖರೆ ಹೇಳು."

"ಇಲ್ರಿ."

"ಕಾಟಾ ಸುಳ್ಳ ಹೇಳ್ತದ ಏನು?"

ಸೂಗಮ್ಮ ಸರಪಳಿ ಹಿಡಿದುಕೊಂಡೇ ಕೂತಿದ್ದಳು. ಅವಳ ಬಳೆಗಳು ಮೊಣಕೈ ತನಕ ಜಾರಿಬಂದಿದ್ದವು. ಅದನ್ನು ಅವನು ಕಂಡ. ಕಂಡೂ ಕಾಣಲಿಲ್ಲ. "ಇಪ್ಪತ್ತಾರು ವರ್ಷದ ನನ್ನ ಮಾತಿಗಿಂತ ಕಾಟಾದ ಮಾತ ಹೆಚ್ಚಾತಲ್ರಿ ನಿಮಗ," ಎಂದಳು, ಜಗಳದ ದನಿಯಲ್ಲಲ್ಲ. ಇಳಿಯಲು ಅವನು ಚಾಚಿದ ಕೈಯನ್ನು ಹಿಡಿಯದೆ ತಾನೇ ಇಳಿದಳು. ಮಧ್ಯಾಹ್ನದ ಬಸ್ಸಿಗೆ ಬಸವಕಲ್ಯಾಣದ ತವರಿಗೆ ಹೊರಟುಹೋದಳು. ಕಾಲಿಗೆ ಚಪ್ಪಲಿ ಹಿಡಿಸಲಿಲ್ಲವೆಂದು ಬರಿಗಾಲಲ್ಲೇ ಹೋದಳು. ಇಪ್ಪತ್ತೆರಡನೆಯ ಕಾರ್ಡಿನಲ್ಲಿ ಎಪ್ಪತ್ತೆಂಟು ಎಂದು ಬರೆದು ಅವನು ಟಪಾಲು ಡಬ್ಬಿಗೆ ಹಾಕಿದ.

ತಿಂಗಳಾಯಿತು. ಅವಳು ಬರಲಿಲ್ಲ, ಇವನು ಹೋಗಲಿಲ್ಲ. ಅತ್ತೆ ಸಂಗಮ್ಮ ಒಮ್ಮೆ ಯಾರ ಕೈಯಲ್ಲೋ ಹೇಳಿಕಳಿಸಿದಳು, ಮಗಳಿಗೆ ಕಣ್ಣು ಹಳದಿಯಾಗಿದೆ, ಮೋರಖಂಡಿಯಿಂದ ಕಾಮಣಿಯ ಬೇರು ತರಿಸಿ ಕೊಡುತ್ತಿದ್ದೇನೆ, ಪಥ್ಯ ನಡೆದಿದೆ ಎಂದು. ಮಹಾರುದ್ರಪ್ಪ ಸಿಟ್ಟಿನಲ್ಲಿದ್ದ. ಕಾಮಣಿ ಯಾರಿಗೆ ಬರುವುದಿಲ್ಲ, ಹದಿನೈದು ದಿನಕ್ಕೆ ಇಳಿಯುತ್ತದೆ ಎಂದು ಸುಮ್ಮನಾದ.

ಜನವರಿಯ ನಡುವೆ, ತೊಗರಿ ರಾಶಿಯ ಹೊತ್ತಿಗೆ, ಎರಡು ದಿನ ಅಕಾಲದ ಮಳೆ ಹೊಡೆಯಿತು. ಮೂರನೆಯ ದಿನ ಹುಡಗಿ ಗ್ರಾಮದ ಲಾಲ್ ಅಹ್ಮದ್ ಎಂಟು ಚೀಲ ತೊಗರಿ ತಂದ. ಸುಳ್ಳು ಮೋಸ ತಿಳಿಯದ ಮುದುಕ. ಚೀಲ ಏರಿಸಿದರೆ ನೂರಾ ಮೂರು. ಮಹಾರುದ್ರಪ್ಪ ವಾಡಿಕೆಯಂತೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಚ್ಚಿದ. ಒಣ ತೊಗರಿ ಹಲ್ಲಿಗೆ ಕಟಕ್ಕನೆ ಒಡೆಯಬೇಕು. ಇದು ಮೆತ್ತಗೆ ಅಪ್ಪಚ್ಚಿಯಾಯಿತು. ತೇವಕ್ಕೆ ಚೀಲಕ್ಕೆ ಮೂರು ಕಿಲೊ ಮುರಿಯುತ್ತೇನೆ ಎಂದ. ಕಾಟಾ ನೂರಾ ಮೂರು ಎಂದು ತೋರಿಸುತ್ತಿರುವಾಗ ನೀನು ನೂರು ಎನ್ನುವುದು ಯಾವ ನ್ಯಾಯ ಎಂದು ಲಾಲ್ ಅಹ್ಮದ್ ಕೇಳಿದ. ಇಪ್ಪತ್ತೆರಡು ವರ್ಷದಲ್ಲಿ ಸಾವಿರ ಸಲ ಹೇಳಿದ ಉತ್ತರ ಮಹಾರುದ್ರಪ್ಪನ ಬಾಯಲ್ಲಿ ತಯಾರಿತ್ತು.

"ಕಾಟಾಕ್ಕ ಏನ್ ಗೊತ್ತಾಗ್ತದ ಕಾಕಾ? ಕಾಳ ಯಾವ್ದು ನೀರ ಯಾವ್ದು ಅದಕ್ಕ ತಿಳಿಯಂಗಿಲ್ಲ. ಒಳಗ ಕಾಳ ಸೊರಗಿದ್ರೂ ನೀರ ಕುಡದಿತ್ತಂದ್ರ ತೂಕ ಏರ್ತದ."

ಹೇಳಿ ಮುಗಿಸಿದವನು ಹಾಗೇ ನಿಂತ. ಬಾಯಲ್ಲಿ ಇನ್ನೂ ಆ ಮೆತ್ತನೆಯ ಕಾಳಿತ್ತು. ಮೊಣಕೈಗೆ ಜಾರಿದ ಬಳೆ ಕಣ್ಣ ಮುಂದೆ ಬಂತು. ಹೆಗಲಿಂದ ಕಳಚಿ ಬೀಳುತ್ತಿದ್ದ ರವಕೆ ಬಂತು. ಕತ್ತಿನ ಎಲುಬು, ಹಿಡಿಸದ ಚಪ್ಪಲಿ, ಎಲ್ಲವೂ ಒಂದರ ಹಿಂದೊಂದು ಬಂದವು. ಊರಿನ ತೊಗರಿಯನ್ನೆಲ್ಲ ಕಚ್ಚಿ ನೋಡುವವನು ಮನೆಯ ಹೆಂಗಸನ್ನು ಕಾಟಾದ ಮೇಲೆ ಕೂರಿಸಿ ನಂಬಿಬಿಟ್ಟಿದ್ದ. ಲಾಲ್ ಅಹ್ಮದನ ಚೀಲ ಹಲಗೆಯ ಮೇಲೇ ಇತ್ತು, ಸೇಠರು ಕರೆಯುತ್ತಲೇ ಇದ್ದರು, ಅವನು ಬಸ್ ಸ್ಟ್ಯಾಂಡಿನ ಕಡೆಗೆ ಓಡಿದ.

ಬಸವಕಲ್ಯಾಣಕ್ಕೆ ಬಸ್ಸು ಒಂದು ಗಂಟೆಯ ಮೇಲೆ ತೆಗೆದುಕೊಂಡಿತು. ದಾರಿಯುದ್ದಕ್ಕೂ ಅವನು ಬೇಡಿಕೊಳ್ಳದ ದೇವರಿಲ್ಲ. ತವರಿನ ಪಡಸಾಲೆಯಲ್ಲಿ ಸೂಗಮ್ಮ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರಾಡಲಾಗದು. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಕೈ ಒಣಗಿದ ಕಡ್ಡಿ, ಹೊಟ್ಟೆ ಮಾತ್ರ ತುಂಬಿ ನಿಂತಿತ್ತು. ಮಹಾರುದ್ರಪ್ಪ ಏನೂ ಕೇಳದೆ ಅವಳ ಕಾಲ ಬಳಿ ಕೂತು ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದ. ನಾದಿಟ್ಟ ಕಣಕಕ್ಕೆ ಒತ್ತಿದ ಹಾಗೆ ಕುಳಿ ಬಿತ್ತು. ಕೈ ತೆಗೆದ ಮೇಲೂ ಅದು ಹಾಗೇ ಉಳಿಯಿತು. ಅವನು ಆ ಕುಳಿಯನ್ನೇ ನೋಡುತ್ತ ಅಲ್ಲೇ ಹಣೆ ಹಚ್ಚಿ ಅತ್ತ. ಅತ್ತೆ ಎದುರಿಗಿದ್ದಾಳೆಂಬುದೂ ನೆನಪಾಗಲಿಲ್ಲ.

ಪಥ್ಯವೆಂದರೆ ಸಂಗಮ್ಮ ಕೊಡುತ್ತಿದ್ದದ್ದು ಉಪ್ಪಿಲ್ಲದ ಜೋಳದ ಗಂಜಿ, ಕಬ್ಬಿನ ರಸ. ಬೇಳೆ ಇಲ್ಲ, ಹಾಲು ಇಲ್ಲ, ಶೇಂಗಾ ಇಲ್ಲ. ಕಾಮಣಿಗೆ ಎಲ್ಲರೂ ಮಾಡುವುದೇ ಅದು. ಮಗಳ ಜೀವ ಉಳಿಯಲೆಂದು ತಾಯಿ ಕಟ್ಟುನಿಟ್ಟಾಗಿ ಮಾಡಿದ್ದಳು.

ಅವರು ಸೂಗಮ್ಮನನ್ನು ಟಾಂಗಾದಲ್ಲಿ ಡಾಕ್ಟರ್ ಜಹೀರುದ್ದೀನರ ದವಾಖಾನೆಗೆ ಒಯ್ದರು. ಹೈದರಾಬಾದಿನಲ್ಲಿ ಓದಿ ಊರಿಗೇ ಮರಳಿ ಬಂದಿದ್ದ, ಮಾತು ಕಡಿಮೆಯ ಮನುಷ್ಯ. ಹೊಟ್ಟೆಯ ಮೇಲಿನ ಉದ್ದ ಗಾಯದ ಗುರುತು ನೋಡಿ ಎಲ್ಲವನ್ನೂ ಮೊದಲಿನಿಂದ ಕೇಳಿಸಿಕೊಂಡರು. ಆಮೇಲೆ ಮಹಾರುದ್ರಪ್ಪನನ್ನು ಹೊರಗೆ ಕರೆದರು.

"ಮೈಮ್ಯಾಲಿನ ಕೊಬ್ಬು ಕರಗ್ತು ಅಂತ ನೀವು ಖುಷಿ ಆದ್ರಿ. ಒಳಗ ಕಲೇಜಾ ಅಂದ್ರ ಲಿವರಿನ್ಯಾಗ ಕೊಬ್ಬು ತುಂಬ್ಯದ. ಬೇಳಿ, ಹಾಲಿನ ಸತ್ವ ಮೈಗಿ ಹತ್ತಲಿಲ್ಲಂದ್ರ ಈ ಆಪರೇಷನ್ ಆದವ್ರಿಗಿ ಹಿಂಗಾಗ್ತದ. ಕಲೇಜಾ ಸೋತದ, ಅದಕ್ಕ ಹೊಟ್ಟ್ಯಾಗ ನೀರ ನಿಂತದ."

ಉಪಾಯ ಏನು ಎಂದು ಕೇಳಿದ್ದಕ್ಕೆ, ಮುಂಬಯಿಗೆ ಹೋಗಿ ಕರುಳನ್ನು ಮೊದಲಿನ ಹಾಗೆ ಜೋಡಿಸುವುದೇ ಉಪಾಯ ಎಂದರು. ಆದರೆ ಈಗಿನ ಸ್ಥಿತಿಯಲ್ಲಿ ಕತ್ತಿ ಹಚ್ಚಿದರೆ ಮೇಜಿನಿಂದ ಏಳುವುದಿಲ್ಲ. ಮೊದಲು ಹದಿನೈದು ದಿನ ಹೊಟ್ಟೆಗೆ ಬೇಳೆ, ಹಾಲು ಹೋಗಬೇಕು, ಗಂಟೆಗೊಮ್ಮೆ, ಹಗಲೆಲ್ಲ. ಅಷ್ಟು ದಿನ ತಡೆದರೆ ಮುಂದಿನ ಮಾತು. ಉಸಿರಾಡಲು ಅನುಕೂಲವಾಗಲಿ ಎಂದು ಹೊಟ್ಟೆಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆದರು. ಹಳದಿ ನೀರು ತಂಬಿಗೆ ತಂಬಿಗೆಯಾಗಿ ಬಂತು. ಮಹಾರುದ್ರಪ್ಪ ಆ ಪಾತ್ರೆಯನ್ನು ಎತ್ತಿ ಆಚೆ ಇಟ್ಟ. ನಾಲ್ಕು ಕಿಲೊ ಎಂದು ಅವನ ಹಾಳು ಕೈ ಕೇಳದೆಯೇ ಹೇಳಿತು.

ಅಂದೇ ಮಧ್ಯಾಹ್ನ ದವಾಖಾನೆಯ ದಾದಿ ವಜೀರಬಿ ದೊಡ್ಡ ಬಟ್ಟಲಲ್ಲಿ ಬೇಳೆಯ ಕಟ್ಟು ತಂದಳು. ಮಹಾರುದ್ರಪ್ಪ ಬಟ್ಟಲನ್ನು ಹೆಂಡತಿಯ ಬಾಯಿಗೆ ಹಿಡಿದ. ಸೂಗಮ್ಮ ಮುಖ ತಿರುಗಿಸಿದಳು. ಇನ್ನೊಮ್ಮೆ ಹಿಡಿದ, ಕೈ ಮುಗಿದ. ಅವಳು ಗಂಡನನ್ನು ಬಿಟ್ಟು ವಜೀರಬಿಯ ಕಡೆ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

"ಇಲ್ಲಿ ಪಾಯಖಾನಿ ಎಷ್ಟ ದೂರ ಅದ ಅಕ್ಕಾ?"

ವಜೀರಬಿ ಮಂಚದ ಹಿಂದಿನ ಪರದೆ ಸರಿಸಿದಳು. ನಾಲ್ಕು ಹೆಜ್ಜೆಯ ಆಚೆ ಒಂದು ಬಾಗಿಲು, ಒಳಗಡೆ ಚಿಲಕ. ಸೂಗಮ್ಮ ಆ ಚಿಲಕವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಳ ಕಾಣುವ ತನಕ ಕುಡಿದಳು. ಇನ್ನೊಂದು ಬಟ್ಟಲು ಕೇಳಿದಳು. ಅದನ್ನೂ ಕುಡಿದಳು. ಹಸಿವು ಅವಳಿಗೆ ಎಂದೂ ಹೋಗಿರಲಿಲ್ಲ.

ಮಹಾರುದ್ರಪ್ಪನಿಗೆ ಏನೋ ಹೊಳೆಯತೊಡಗಿತು, ಪೂರ್ತಿ ಹೊಳೆಯಗೊಡುವ ಧೈರ್ಯ ಅವನಿಗಿರಲಿಲ್ಲ. ಮನೆಯಲ್ಲಿ ಯಾಕೆ ಹೀಗೆ ಉಣ್ಣಲಿಲ್ಲ ಎಂದು ಕೇಳಿದ.

"ಹಗಲಿಗಿ ಉಂಡ್ರ ಹಗಲಿಗೇ ಹೋಗಬೇಕಾಗ್ತದಲ್ರಿ," ಎಂದಳು ಸೂಗಮ್ಮ. "ಹೆಣ್ಮಕ್ಳು ಬಯಲಕಡಿ ಹೋಗೋದು ನಸುಕಿನ್ಯಾಗ, ಇಲ್ಲ ಕತ್ತಲಾದ ಮ್ಯಾಲ. ನಡುವ ನಾ ಎಲ್ಲಿ ಹೋಗ್ಲಿ? ಅದಕ್ಕ ಕತ್ತಲಾದ ಮ್ಯಾಲ ಎರಡ ತುತ್ತು ಉಣ್ತಿದ್ದೆ. ಉಳದ ಹೊತ್ತ ನೀರ ಕುಡ್ಯಾಕೂ ಅಂಜಿಕಿ."

"ನನ್ನ ಮುಂದ ಹೇಳಬೇಕಿಲ್ಲೇನು?"

"ಹೇಳಿದ್ನಲ್ರಿ. ಮಳಿಗಾಲ ಮುಗೀಲಿ ಅಂದ್ರಿ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ನಾಲ್ಕು ತಗಡು, ಒಂದು ಗುಂಡಿ, ಎರಡು ದಿನದ ಕೆಲಸ. ಎರಡು ವರ್ಷ ಈ ಹೆಂಗಸು ಹಸಿದುಕೊಂಡು ಕೂತಿದ್ದಳು. ಅವಳು ಕದ್ದು ತಿನ್ನುತ್ತಾಳೆಂದು ಅವನು ಬೆಲ್ಲದ ಡಬ್ಬಿಗೆ ಗೆರೆ ಎಳೆದಿದ್ದ.

ಮುಂದಿನ ಏಳು ದಿನ ಸೂಗಮ್ಮ ಉಂಡಳು. ಹಾಡಹಗಲಲ್ಲಿ, ಬಾಗಿಲು ತೆರೆದಿಟ್ಟು, ಗಂಟೆಗೊಮ್ಮೆ ಉಂಡಳು. ಬೇಳೆ, ಹಾಲು, ಅರೆದ ಶೇಂಗಾ. ಪ್ರತಿ ಸಲವೂ ಮಹಾರುದ್ರಪ್ಪ ಅವಳನ್ನು ಆ ನಾಲ್ಕು ಹೆಜ್ಜೆ ನಡೆಸಿಕೊಂಡು ಹೋಗಿ, ಹೊರಗೆ ನಿಂತು, ಮತ್ತೆ ನಡೆಸಿಕೊಂಡು ಬರುತ್ತಿದ್ದ. ಮುಂಬಯಿಗೆ ದಿಗಂಬರನಿಗೆ ತಾರು ಹೋಯಿತು. ಅವನು ಆಸ್ಪತ್ರೆಗೆ ಹೋಗಿ ಕೇಳಿದ್ದಕ್ಕೆ, ಬದುಕಿದ್ದರೆ ಕರೆತನ್ನಿ, ಜೋಡಿಸುತ್ತೇವೆ ಎಂದರಂತೆ. ಐದನೆಯ ದಿನ ಅವಳು ಈ ತಿಂಗಳ ಧಾರಣೆ ಏನು ಎಂದು ಗಂಡನನ್ನು ಕೇಳಿ ಸ್ವಲ್ಪ ನಕ್ಕಳು. ಅವನು ಅದನ್ನೇ ಹಿಡಿದುಕೊಂಡು ಉಳಿಯುತ್ತಾಳೆ, ಉಳಿಯುತ್ತಾಳೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಎಂಟನೆಯ ದಿನದಿಂದ ಅವಳಿಗೆ ಹಗಲೂ ನಿದ್ದೆ. ಮಾತು ತೊದಲತೊಡಗಿತು. ಕಲೇಜಾ ಕೈಬಿಟ್ಟರೆ ವಿಷ ತಲೆಗೆ ಏರುತ್ತದೆ ಎಂದರು ಡಾಕ್ಟರು. ಬಟ್ಟಲು ಹಿಡಿದರೆ ಬಾಯಿ ತೆರೆಯುತ್ತಿರಲಿಲ್ಲ. ಪಾಯಖಾನೆ ಇಲ್ಲೇ ಇದೆ, ನಾಲ್ಕೇ ಹೆಜ್ಜೆ, ಉಣ್ಣು ಎಂದು ಅವನು ಕಿವಿಯ ಬಳಿ ಬಾಗಿ ಮತ್ತೆ ಮತ್ತೆ ಹೇಳಿದ. ಹನ್ನೊಂದನೆಯ ದಿನ ಮಧ್ಯಾಹ್ನ ಸೂಗಮ್ಮ ತೀರಿಹೋದಳು.

ದೇಹವನ್ನು ಮಂಚದಿಂದ ಎತ್ತಲು ಓಣಿಯ ಗಂಡಸರು ನಾಲ್ವರು ಬಂದರು. ಮಹಾರುದ್ರಪ್ಪ ಅವರನ್ನು ತಡೆದು ಒಬ್ಬನೇ ಎತ್ತಿದ. ಅರವತ್ತೆಂಟು, ಅದರಲ್ಲೂ ನೀರು ಇನ್ನೂ ಇದೆ ಎಂದು ಕೈ ಹೇಳಿತು. ಅದಾದ ಮೇಲೆ ಅವನು ಕಾಟಾ ಮುಟ್ಟಲಿಲ್ಲ. ಗಯಾಸುದ್ದೀನ್ ಸೇಠರು ಎರಡು ಸಲ ಮನೆಗೆ ಬಂದು ಕರೆದು ಹೋದರು.

ದಿನಕರ್ಮ ಮುಗಿದ ಮೇಲೆ ಅವನು ಹುಮನಾಬಾದಿನ ಮನೆಯ ಗೂಡಿನಿಂದ ಉಳಿದಿದ್ದ ಎರಡು ಕಾರ್ಡುಗಳಲ್ಲಿ ಒಂದನ್ನು ತೆಗೆದ. ಊರಿಗೆ ಬಂದಿದ್ದ ದಿಗಂಬರನನ್ನು ಎದುರಿಗೆ ಕೂರಿಸಿಕೊಂಡು, ಮರಾಠಿಯಲ್ಲಿ ಬರೆ, ನಾನು ಹೇಳಿದಷ್ಟೇ ಬರೆ ಎಂದ. ಆಗಸ್ಟಿನಿಂದ ನಾನು ಬರೆದದ್ದೆಲ್ಲ ನೀರಿನ ತೂಕ, ಮನುಷ್ಯಳ ತೂಕವಲ್ಲ. ನೀರು ಮುರಿದುಕೊಂಡು ಓದಬೇಕಿತ್ತು, ನಾನೂ ಓದಲಿಲ್ಲ, ನೀವೂ ಓದಲಿಲ್ಲ. ಅವಳು ಹಸಿವಿನಿಂದ ಹೋದಳು. ದಿಗಂಬರ ಅಷ್ಟನ್ನೂ ಬರೆದ. ಕಾರ್ಡಿನಲ್ಲಿ ಇನ್ನೊಂದು ಸಾಲಿಗೆ ಜಾಗ ಉಳಿದಿತ್ತು.

"ಮುಂದ ಯಾವ ಹೆಣ್ಮಗಳಿಗಿ ಈ ಆಪರೇಷನ್ ಮಾಡೂದಿದ್ರೂ," ಎಂದ ಮಹಾರುದ್ರಪ್ಪ, "ಮೊದಲ ತೂಕ ಕೇಳಬ್ಯಾಡ್ರಿ. ಮನ್ಯಾಗ ಪಾಯಖಾನಿ ಅದ ಇಲ್ಲೋ ಅಂತ ಕೇಳ್ರಿ."

ಅಷ್ಟು ದೊಡ್ಡ ಡಾಕ್ಟರಿಗೆ ಇಂಥ ಮಾತನ್ನು ಹೇಗೆ ಬರೆಯುವುದು ಎಂದು ದಿಗಂಬರ ಪೆನ್ನು ಎತ್ತಿ ಹಿಡಿದು ಕೂತ. ಮಹಾರುದ್ರಪ್ಪ ತೆರೆದ ಹಿತ್ತಲ ಬಾಗಿಲಿನಾಚೆ, ತಗಡೂ ಇಲ್ಲದ ಗುಂಡಿಯೂ ಇಲ್ಲದ ಆ ಖಾಲಿ ಜಾಗವನ್ನು ನೋಡುತ್ತಿದ್ದ.

"ಬರೀ," ಎಂದ.